ಪಕ್ಕದ ಮನೆಯವರು ದೇಶ ಬಿಟ್ಟು ಹೋದರು: ಜರ್ಮನಿಯ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಜರ್ಮನಿಯ 16 ರಾಜ್ಯಗಳ ಮಾನ್ಯ ಶಿಕ್ಷಣ ಸಚಿವರಿಗೆ,

ನಮಸ್ಕಾರ.

ನಾನು ಕರ್ನಾಟಕದ ತಿಪಟೂರಿನವಳು. ಯಜಮಾನರ ಕೆಲಸದ ಸಲುವಾಗಿ 2017ರಲ್ಲಿ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿಗೆ ಬಂದೆವು. ಆಗ ನನ್ನ ಮಗಳಿಗೆ ಆರು ವರ್ಷ. ಈಗ ಹೈಸ್ಕೂಲಿನಲ್ಲಿದ್ದಾಳೆ. ನಿಮ್ಮ ಸರ್ಕಾರಿ ಶಾಲೆ ಅವಳನ್ನು ಚೆನ್ನಾಗಿ ನೋಡಿಕೊಂಡಿದೆ. ಅದಕ್ಕೆ ಮೊದಲು ಧನ್ಯವಾದ ಹೇಳುತ್ತೇನೆ. ನಾನು ಮಗಳನ್ನು ಮನೆಯಲ್ಲಿ ಕೂರಿಸಿ ಓದಿಸಬೇಕು ಅಂದುಕೊಂಡವಳಲ್ಲ, ಮುಂದೆಯೂ ಅಂದುಕೊಳ್ಳುವುದಿಲ್ಲ. ಆದರೂ ಈ ಪತ್ರ ಬರೆಯದೆ ಇರಲು ಆಗಲಿಲ್ಲ.

ಇದರ ಜರ್ಮನ್ ಪ್ರತಿಯನ್ನು ನಿಮಗೆ ಅಂಚೆಯಲ್ಲಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯುತ್ತಿರುವುದು ನಮ್ಮವರಿಗಾಗಿ. ಬೆಂಗಳೂರಿನಿಂದ ಇಲ್ಲಿಗೆ ಕೆಲಸಕ್ಕೆ ಬರುವ ಕುಟುಂಬಗಳಿಗೆ ಮನೆ ಬಾಡಿಗೆ, ವೀಸಾ, ವಿಮೆ ಎಲ್ಲ ಗೊತ್ತಿರುತ್ತದೆ. 'ಶುಲ್‌ಪ್ಲಿಖ್ಟ್' ಅನ್ನುವ ಪದ ಮಾತ್ರ ಗೊತ್ತಿರುವುದಿಲ್ಲ. ಮಗು ಶಾಲೆಗೆ ಹೋಗಲೇಬೇಕು, ಶಾಲೆಯ ಕಟ್ಟಡಕ್ಕೇ ಹೋಗಿ ಕಲಿಯಬೇಕು, ಮನೆಯಲ್ಲಿ ಎಷ್ಟು ಚೆನ್ನಾಗಿ ಕಲಿಸಿದರೂ ಲೆಕ್ಕಕ್ಕಿಲ್ಲ ಅನ್ನುವ ಕಾನೂನು ಅದು.

ನನಗೂ ಅದು ಗೊತ್ತಾದದ್ದು ಪಕ್ಕದ ಮನೆಯಿಂದ.

ಆ ಮನೆಯಲ್ಲಿ ಐದು ಮಕ್ಕಳಿದ್ದರು. ರಷ್ಯಾದಿಂದ ಮರಳಿ ಬಂದ ಜರ್ಮನ್ ಮೂಲದವರು, ಬ್ಯಾಪ್ಟಿಸ್ಟ್ ಪಂಗಡದ ಕ್ರೈಸ್ತರು. ಯಜಮಾನ ಬಡಗಿ. ದೊಡ್ಡ ಹುಡುಗಿಗೆ ಆಗ ಹನ್ನೊಂದು ವರ್ಷ. ನನ್ನ ಮಗಳಿಗೆ ಜರ್ಮನ್ ಒಂದಕ್ಷರ ಬರುತ್ತಿರಲಿಲ್ಲ. ಈ ಹುಡುಗಿ ಮಧ್ಯಾಹ್ನ ನಮ್ಮ ಅಡುಗೆಮನೆಗೆ ಬಂದು ಮೇಜಿನ ಹತ್ತಿರ ಕೂತು ಅವಳಿಗೆ ಕಥೆ ಓದುತ್ತಿದ್ದಳು. ಒಂದು ಸಾಲು ಇವಳು, ಒಂದು ಸಾಲು ಅವಳು. ನಡುವೆ ನನ್ನ ಚಕ್ಕುಲಿ ಒರಳು ತಿರುಗಿಸಿ ಕೊಡುತ್ತಿದ್ದಳು. ಕ್ರಿಸ್‌ಮಸ್ ಬಂದಾಗ ನಕ್ಷತ್ರದ ಅಚ್ಚು ತಂದು ಬಿಸ್ಕತ್ತು ಕತ್ತರಿಸುವುದನ್ನು ನಮಗೆ ಹೇಳಿಕೊಟ್ಟಳು. ಮೂರು ತಿಂಗಳಲ್ಲಿ ನನ್ನ ಮಗಳು ಕ್ಲಾಸಿನಲ್ಲಿ ಕೈ ಎತ್ತಿ ಉತ್ತರ ಹೇಳುವಷ್ಟಾದಳು. ಅವಳಿಗೆ ಜರ್ಮನ್ ಕಲಿಸಿದ್ದು ಶಾಲೆ ಅಂತ ಟೀಚರ್ ಅಂದುಕೊಂಡರು. ಅರ್ಧ ನಿಜ. ಇನ್ನರ್ಧ ಕಲಿಸಿದ್ದು ಶಾಲೆಗೇ ಹೋಗದ ಆ ಹುಡುಗಿ.

ಯಾಕೆ ಕಳಿಸುವುದಿಲ್ಲ ಅಂತ ಅವಳ ತಾಯಿಯನ್ನು ಒಮ್ಮೆ ಕೇಳಿದೆ. ಆಕೆ ಶಾಲೆಯನ್ನು ಬೈಯಲಿಲ್ಲ. "ಮಕ್ಕಳನ್ನು ದೇವರು ನಮ್ಮ ಕೈಗೆ ಕೊಟ್ಟಿದ್ದಾನೆ, ಉತ್ತರ ಹೇಳಬೇಕಾದವರೂ ನಾವೇ" ಅಂದರು. ನಾನು ಆ ನಂಬಿಕೆಯವಳಲ್ಲ. ಆದರೆ ಆ ಮಾತು ನನಗೆ ಅರ್ಥವಾಯಿತು. ನಮ್ಮಜ್ಜಿಯೂ ಮಕ್ಕಳ ವಿಷಯ ಬಂದಾಗ ಇದೇ ಥರ ಮಾತಾಡುತ್ತಿದ್ದರು.

ಮೊದಲು ಎಚ್ಚರಿಕೆ ಪತ್ರಗಳು ಬಂದವು. ಆಮೇಲೆ ದಂಡ. ದಂಡದ ಮೇಲೆ ದಂಡ. ಒಂದು ದಿನ ಬೆಳಿಗ್ಗೆ ಏಳು ಗಂಟೆಗೆ ಮನೆ ಮುಂದೆ ಎರಡು ಕಾರು ನಿಂತವು. ನಾನು ಕಿಟಕಿಯಿಂದ ನೋಡಿದೆ. ಬಂದ ಅಧಿಕಾರಿಗಳು ಗಟ್ಟಿ ದನಿಯಲ್ಲೂ ಮಾತಾಡಲಿಲ್ಲ, ಯಾರ ಮೈಯನ್ನೂ ಮುಟ್ಟಲಿಲ್ಲ. ಅದನ್ನೂ ಹೇಳಬೇಕು. ಆದರೆ ಕಿರಿಯ ಹುಡುಗ ರಾತ್ರಿ ಬಟ್ಟೆಯಲ್ಲೇ ಬಾಗಿಲಲ್ಲಿ ನಿಂತಿದ್ದ. ಅವನ ಮುಖ ನನಗೆ ಇನ್ನೂ ಮರೆತಿಲ್ಲ. ಅಂದಿನಿಂದ ಮನೆ ಕರೆಗಂಟೆ ಹೊಡೆದರೆ ಆ ಮಕ್ಕಳು ಒಳಗೆ ಓಡುತ್ತಿದ್ದರು. ಬೆಲ್ ಹೊಡೆದದ್ದು ನಾನು ಅಂತ ಗೊತ್ತಾದ ಮೇಲೆ ಹೊರಗೆ ಬರುತ್ತಿದ್ದರು.

2019ರ ಬೇಸಿಗೆಯಲ್ಲಿ ಅವರು ಮನೆ ಖಾಲಿ ಮಾಡಿ ಆಸ್ಟ್ರಿಯಕ್ಕೆ ಹೋದರು. ನಕ್ಷತ್ರದ ಅಚ್ಚು ನಮ್ಮ ಮನೆಯಲ್ಲೇ ಉಳಿಯಿತು.

ಮಾನ್ಯರೇ, ಇದು ಒಂದು ಮನೆಯ ಕಥೆ ಅಂತ ಬಿಡಬಹುದಿತ್ತು. ಆದರೆ ನಾನಿರುವ ಜಾಗದಿಂದ ಸ್ವಲ್ಪ ದೂರದಲ್ಲೇ ಬಿಸ್ಸಿಂಗೆನ್ ಅನ್ನುವ ಊರಿದೆ. ಜಗತ್ತಿಗೆಲ್ಲ ಗೊತ್ತಾದ ರೊಮೈಕೆ ಪ್ರಕರಣ ಶುರುವಾದದ್ದು ಅಲ್ಲಿಂದ. ಆ ದಂಪತಿ 2006ರಲ್ಲಿ ಧಾರ್ಮಿಕ ಕಾರಣಕ್ಕೆ ಮಕ್ಕಳನ್ನು ಶಾಲೆಯಿಂದ ಬಿಡಿಸಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಪೊಲೀಸರು ಮನೆಗೆ ಬಂದು ಮಕ್ಕಳನ್ನು ಶಾಲೆಗೆ ಕರೆದೊಯ್ದರು. ದಂಡ ಸಾವಿರಾರು ಯೂರೋ ದಾಟಿತು. 2008ರಲ್ಲಿ ಕುಟುಂಬ ಅಮೆರಿಕದ ಟೆನೆಸ್ಸೀ ರಾಜ್ಯಕ್ಕೆ ಹೋಗಿ ಆಶ್ರಯ ಕೇಳಿತು, ಅಂದರೆ ನಮ್ಮ ದೇಶದಲ್ಲಿ ಕಿರುಕುಳ ಇದೆ, ಇಲ್ಲೇ ಇರಲು ಬಿಡಿ ಅಂತ.

ಅಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಓದುಗರಿಗೆ ಇದು ಗೊತ್ತಾಗಬೇಕು. 2010ರ ಜನವರಿಯಲ್ಲಿ ಮೆಂಫಿಸ್‌ನ ವಲಸೆ ನ್ಯಾಯಾಧೀಶರು ಅವರಿಗೆ ಆಶ್ರಯ ಕೊಟ್ಟರು. 2012ರಲ್ಲಿ ವಲಸೆ ಮೇಲ್ಮನವಿ ಮಂಡಳಿ ಅದನ್ನು ರದ್ದು ಮಾಡಿತು. 2013ರ ಮೇ ತಿಂಗಳಲ್ಲಿ ಆರನೇ ಸರ್ಕ್ಯೂಟ್ (ಅಮೆರಿಕದ ಒಂದು ವಲಯದ) ಮೇಲ್ಮನವಿ ನ್ಯಾಯಾಲಯವೂ ಆಗುವುದಿಲ್ಲ ಅಂದಿತು. 2014ರ ಮಾರ್ಚ್ 3ರಂದು ಅಮೆರಿಕದ ಸುಪ್ರೀಂ ಕೋರ್ಟು ಅರ್ಜಿಯನ್ನೇ ಕೈಗೆತ್ತಿಕೊಳ್ಳಲಿಲ್ಲ. ಮಾರನೇ ದಿನವೇ ಸರ್ಕಾರ, ಸದ್ಯಕ್ಕೆ ನಿಮ್ಮನ್ನು ಕಳಿಸುವುದಿಲ್ಲ ಅಂತ ಹೇಳಿತು. ಕಾನೂನಿನಲ್ಲಿ ಸೋತು, ದಯೆಯಿಂದ ಉಳಿದರು. ಹಾಗೇ ಒಂಬತ್ತು ವರ್ಷ ಕಳೆಯಿತು. ಅಲ್ಲಿ ಇನ್ನೂ ಮಕ್ಕಳು ಹುಟ್ಟಿದರು, ದೊಡ್ಡ ಮಕ್ಕಳಿಗೆ ಮದುವೆಯೂ ಆಯಿತು. 2023ರ ಸೆಪ್ಟೆಂಬರಿನಲ್ಲಿ ಇದ್ದಕ್ಕಿದ್ದಂತೆ, ನಾಲ್ಕು ವಾರದಲ್ಲಿ ಹೊರಡಲು ತಯಾರಾಗಿ ಅಂತ ಅವರಿಗೆ ಹೇಳಿದರು. ಗಲಾಟೆ ಆದ ಮೇಲೆ ಒಂದು ವರ್ಷ ಮುಂದೂಡಿದರು. ಹದಿನೈದು ವರ್ಷ ಬಾಳಿದ ಮನೆಯನ್ನು ನಾಲ್ಕು ವಾರದಲ್ಲಿ ಹೇಗೆ ಕಟ್ಟಿಕೊಂಡು ಹೋಗುವುದು?

ಆ ಆರನೇ ಸರ್ಕ್ಯೂಟಿನ ತೀರ್ಪನ್ನು ನಾನು ಕೂತು ಓದಿದೆ. ಅದನ್ನು ಬರೆದವರು ನ್ಯಾಯಮೂರ್ತಿ ಜೆಫ್ರಿ ಸಟನ್. ಓದುವ ಮೊದಲು ಕೋಪ ಇತ್ತು. ಓದಿದ ಮೇಲೆ ಒಪ್ಪಿಕೊಳ್ಳಲೇಬೇಕಾಯಿತು, ಕಾನೂನಿನ ಲೆಕ್ಕದಲ್ಲಿ ಅವರು ಹೇಳಿದ್ದು ಸರಿ. ಆಶ್ರಯ ಸಿಗಬೇಕಾದರೆ ಕಿರುಕುಳ ಆಗಿದ್ದರೆ ಮಾತ್ರ ಸಾಲದು. ಅದು ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಈ ಐದರಲ್ಲಿ ಒಂದರ ಕಾರಣಕ್ಕೆ ಆಗಿರಬೇಕು. 1951ರ ನಿರಾಶ್ರಿತರ ಒಪ್ಪಂದದಿಂದ ಬಂದ ಅಳತೆ ಇದು. ಜರ್ಮನಿಯ ಶಾಲಾ ಕಾನೂನು ಕ್ರೈಸ್ತರನ್ನು ಹುಡುಕಿ ಹಿಡಿಯುವುದಿಲ್ಲ. ದೇವರನ್ನು ನಂಬದವರು ಮಕ್ಕಳನ್ನು ಮನೆಯಲ್ಲಿಟ್ಟುಕೊಂಡರೂ ಅದೇ ದಂಡ. ಎಲ್ಲರಿಗೂ ಒಂದೇ ಥರ ಬಡಿಯುವ ಕಾನೂನು ಧಾರ್ಮಿಕ ಕಿರುಕುಳ ಅಲ್ಲ ಅಂತ ನ್ಯಾಯಾಲಯ ಹೇಳಿತು. ಅಮೆರಿಕದ ಸಂವಿಧಾನ ಕೊಡುವ ಹಕ್ಕು ಬೇರೆ ದೇಶದಲ್ಲಿ ಸಿಗದಿದ್ದರೆ ಅಷ್ಟಕ್ಕೇ ಆಶ್ರಯ ಸಿಗುವುದಿಲ್ಲ ಅಂತಲೂ ಹೇಳಿತು.

ಇದನ್ನು ಒಪ್ಪಲು ನನಗೆ ಇನ್ನೊಂದು ಕಾರಣವೂ ಇದೆ. 2017ರಲ್ಲಿ ನನ್ನ ಜರ್ಮನ್ ಭಾಷಾ ಕ್ಲಾಸಿನಲ್ಲಿ ಸಿರಿಯಾದ ಒಬ್ಬ ತಾಯಿ ಪಕ್ಕದಲ್ಲಿ ಕೂರುತ್ತಿದ್ದರು. ಅಲೆಪ್ಪೊ ಊರಿನವರು. ಅವರ ಮಗನಿಗೂ ನನ್ನ ಮಗಳಿಗೂ ಒಂದೇ ದಿನ ಶಾಲೆ ಶುರುವಾಯಿತು. ಇಲ್ಲಿ ಮೊದಲ ದಿನ ಮಕ್ಕಳ ಕೈಗೆ ಮಿಠಾಯಿ ತುಂಬಿದ ಉದ್ದನೆಯ ಕಾಗದದ ಪೊಟ್ಟಣ ಕೊಡುತ್ತಾರೆ. ಆ ಹುಡುಗ ಅದನ್ನು ತಬ್ಬಿಕೊಂಡು ನಿಂತಾಗ ಆಕೆ ಅತ್ತುಬಿಟ್ಟರು. ಅವರು ಓಡಿಬಂದದ್ದೇ ಮಗ ಬದುಕಿರಲಿ, ಶಾಲೆಗೆ ಹೋಗಲಿ ಅಂತ. ಆಶ್ರಯ ಅನ್ನುವ ಬಾಗಿಲು ಅಂಥವರಿಗಾಗಿ ಇರುವುದು. ಬಾಂಬಿನಿಂದ ತಪ್ಪಿಸಿಕೊಂಡವರೂ ದಂಡದಿಂದ ತಪ್ಪಿಸಿಕೊಂಡವರೂ ಒಂದೇ ಸಾಲಿನಲ್ಲಿ ನಿಂತಾಗ ನನ್ನ ಮನಸ್ಸಿಗೆ ಕಸಿವಿಸಿ ಆಗುತ್ತದೆ.

ಹಾಗಾದರೆ ಪಕ್ಕದ ಮನೆಯವರಂಥವರು ಎಲ್ಲಿಗೆ ಹೋಗಬೇಕು? ಆಶ್ರಯ ಅವರಿಗಲ್ಲ ಅಂತ ಅಮೆರಿಕ ಹೇಳುತ್ತದೆ. ಇರಲಿಕ್ಕೆ ನೀವು ಬಿಡುವುದಿಲ್ಲ. ಬೇರೆ ದೇಶದ ನ್ಯಾಯಾಧೀಶರು ಬಿಡಿಸಬಹುದಾದ ಗಂಟು ಇದಲ್ಲ. ಹಾಕಿದವರೇ ಬಿಡಿಸಬೇಕು. ಅದಕ್ಕೇ ಈ ಪತ್ರವನ್ನು ಅಮೆರಿಕಕ್ಕಲ್ಲ, ನಿಮಗೆ ಬರೆಯುತ್ತಿದ್ದೇನೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕಾನೂನನ್ನು 'ಹಿಟ್ಲರನ ಕಾನೂನು' ಅಂತ ಕರೆದು ಕೆಲವರು ಪ್ರಚಾರ ಮಾಡುತ್ತಾರೆ. ಅದು ನ್ಯಾಯವಲ್ಲ. ಮಕ್ಕಳು ಕಲಿಯಲೇಬೇಕು ಅಂತ ಅಂದಿನ ಜರ್ಮನ್ ರಾಜ್ಯವಾದ ಪ್ರಷ್ಯಾದಲ್ಲಿ 1763ರಲ್ಲೇ ಆಜ್ಞೆ ಆಗಿತ್ತು. ಶಾಲೆಗೇ ಹೋಗಬೇಕು ಅಂದದ್ದು 1919ರ ವೈಮಾರ್ ಸಂವಿಧಾನ, ಪ್ರಜಾಪ್ರಭುತ್ವದ ಸಂವಿಧಾನ. ಹಿಟ್ಲರನ ಕಾಲದ 1938ರ ಕಾನೂನು ಅದನ್ನು ಇಡೀ ದೇಶಕ್ಕೆ ಒಂದೇ ಥರ ಬಿಗಿ ಮಾಡಿತು, ಅಷ್ಟು ನಿಜ. ಈಗಿನ ಕಾನೂನು ನಿಮ್ಮ ವಿಧಾನಸಭೆಗಳು ಮಾಡಿದ್ದು. ಬಡವರ ಮಕ್ಕಳು, ಹೆಣ್ಣುಮಕ್ಕಳು, ವಲಸೆ ಬಂದವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರಲಿ ಅನ್ನುವ ಆಸೆ ಅದರಲ್ಲಿದೆ. ನನ್ನ ಮಗಳು ಆ ಬೆಂಚಿನಲ್ಲಿ ಕೂತಿದ್ದಾಳೆ. ಆ ಆಸೆಗೆ ನಾನು ಋಣಿ.

ನಿಮ್ಮ ಭಯವೂ ನನಗೆ ಅರ್ಥವಾಗುತ್ತದೆ. ಕಾರ್ಲ್ಸ್‌ರೂಹೆಯಲ್ಲಿರುವ ಜರ್ಮನಿಯ ಸಂವಿಧಾನ ನ್ಯಾಯಾಲಯ 2003ರಲ್ಲಿ 'ಸಮಾನಾಂತರ ಸಮಾಜ' ಅನ್ನುವ ಪದ ಬಳಸಿತು. ಧರ್ಮದ ಹೆಸರಲ್ಲಿ ಗುಂಪು ಗುಂಪಾಗಿ ಜನ ಬೇರೆಯಾಗಿ, ಯಾರಿಗೆ ಯಾರೂ ಗೊತ್ತಿಲ್ಲದಂತೆ ಬದುಕಿದರೆ ಸಮಾಜ ಒಡೆಯುತ್ತದೆ ಅನ್ನುವ ಚಿಂತೆ. ಸ್ಟ್ರಾಸ್‌ಬೂರ್ಗಿನ ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯ 2006ರಲ್ಲಿ, ಮಕ್ಕಳನ್ನು ಮನೆಯಲ್ಲೇ ಓದಿಸಲು ಬಿಡಿ ಅಂತ ಕೇಳಿದ ಕೊನ್ರಾಡ್ ಕುಟುಂಬದ ಪ್ರಕರಣದಲ್ಲಿ ಇದನ್ನೇ ಒಪ್ಪಿತು. ಮುಚ್ಚಿದ ಬಾಗಿಲ ಹಿಂದೆ ಮಗುವಿಗೆ ಹೊಡೆತ ಬೀಳುತ್ತಿದ್ದರೆ ಅದನ್ನು ಮೊದಲು ನೋಡುವುದು ಟೀಚರ್. ಇದನ್ನು ಯಾರೂ ತಳ್ಳಿಹಾಕಲು ಆಗುವುದಿಲ್ಲ.

ಆದರೆ ನನ್ನ ಕಣ್ಣು ಕಂಡದ್ದನ್ನು ಹೇಳಲೇಬೇಕು. ಆ ಐದು ಮಕ್ಕಳು ಬೀದಿಯಲ್ಲಿ ಎಲ್ಲರ ಜೊತೆ ಬೆರೆಯುತ್ತಿದ್ದರು. ಹೊಸದಾಗಿ ಬಂದ ಕಪ್ಪು ಕೂದಲಿನ, ಭಾಷೆ ಬರದ ನನ್ನ ಮಗಳನ್ನು ಮೊದಲು ಆಟಕ್ಕೆ ಕರೆದವರೇ ಅವರು. ಅವರು ಬೇರೆಯಾಗಿ ಬಾಗಿಲು ಹಾಕಿಕೊಳ್ಳಲು ಶುರು ಮಾಡಿದ್ದು ಆ ಎರಡು ಕಾರು ಬಂದ ಮೇಲೆ. ಸಮಾಜ ಒಡೆಯಬಾರದು ಅಂತ ಮಾಡಿದ ಕೆಲಸವೇ ನಮ್ಮ ಬೀದಿಯನ್ನು ಒಡೆಯಿತು.

ಡಾರ್ಮ್‌ಸ್ಟಾಟ್ ಬಳಿ ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿದ್ದ ವುಂಡರ್‌ಲಿಖ್ ಕುಟುಂಬದ ಪ್ರಕರಣವನ್ನೂ ನೆನಪಿಸುತ್ತೇನೆ. 2013ರ ಆಗಸ್ಟಿನಲ್ಲಿ ಪೊಲೀಸರು, ಅಧಿಕಾರಿಗಳು ಮನೆಗೆ ಹೋಗಿ ನಾಲ್ಕು ಮಕ್ಕಳನ್ನು ಕರೆದೊಯ್ದರು. ಮೂರು ವಾರ ಅವರು ಮಕ್ಕಳ ನಿಲಯದಲ್ಲಿದ್ದರು. ಆಮೇಲೆ ಅವರ ಕಲಿಕೆಯನ್ನು ಪರೀಕ್ಷಿಸಿ ಮನೆಗೆ ಕಳಿಸಿದರು. 2019ರ ಜನವರಿಯಲ್ಲಿ ಸ್ಟ್ರಾಸ್‌ಬೂರ್ಗ್ ನ್ಯಾಯಾಲಯ, ಇದರಲ್ಲಿ ಹಕ್ಕಿನ ಉಲ್ಲಂಘನೆ ಆಗಿಲ್ಲ ಅಂತ ತೀರ್ಪು ಕೊಟ್ಟಿತು. ಸರಿ, ಕಾನೂನು ಗೆದ್ದಿತು. ಆದರೆ ಕಲಿಕೆ ಹೇಗಿದೆ ಅಂತ ನೋಡಲಿಕ್ಕೆ ಮಕ್ಕಳನ್ನು ತಾಯಿಯಿಂದ ಬಿಡಿಸಿ ಮೂರು ವಾರ ಇಟ್ಟುಕೊಳ್ಳಬೇಕಿತ್ತಾ? ಮಾಡಬಹುದಾದದ್ದನ್ನೆಲ್ಲ ಮಾಡಲೇಬೇಕು ಅಂತೇನಿಲ್ಲ ಅಲ್ವಾ? ನೀವು ತಡೆದುಕೊಳ್ಳುವುದಕ್ಕೆ ಯಾವ ನ್ಯಾಯಾಲಯವೂ ಅಡ್ಡ ಬಂದಿಲ್ಲ.

ಮಧ್ಯದ ದಾರಿ ಹುಡುಕುವುದು ನಿಮಗೆ ಹೊಸದೂ ಅಲ್ಲ. ಫ್ರಾಂಕ್‌ಫರ್ಟಿನ ಒಬ್ಬ ಮುಸ್ಲಿಂ ಹುಡುಗಿ ಹುಡುಗರ ಜೊತೆ ಈಜು ಕ್ಲಾಸಿಗೆ ಬರುವುದಿಲ್ಲ ಅಂದಾಗ, 2013ರಲ್ಲಿ ಲೈಪ್‌ಝಿಗ್‌ನ ಆಡಳಿತ ನ್ಯಾಯಾಲಯ ಬರಲೇಬೇಕು ಅಂತ ಹೇಳಿತು. ಆದರೆ ಮೈ ಮುಚ್ಚುವ ಬುರ್ಕಿನಿ ಹಾಕಿಕೊಂಡು ಬರಬಹುದಲ್ಲ ಅಂತಲೂ ಹೇಳಿತು. ಮಗು ನೀರಿಗಿಳಿಯಿತೋ ಇಲ್ಲವೋ ಅದು ಬೇರೆ ಮಾತು. ಒಂದು ಬಾಗಿಲು ತೆರೆದಿತ್ತು.

ನಮ್ಮ ದೇಶದ ಒಂದು ಪ್ರಕರಣ ನೆನಪಾಗುತ್ತದೆ. 1985ರಲ್ಲಿ ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಪಂಗಡದ ಮೂವರು ಮಕ್ಕಳನ್ನು, ರಾಷ್ಟ್ರಗೀತೆ ಹಾಡುವುದಿಲ್ಲ ಅಂದ ಕಾರಣಕ್ಕೆ ಶಾಲೆಯಿಂದ ತೆಗೆದರು. ಹಾಡುವಾಗ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. 1986ರಲ್ಲಿ ನಮ್ಮ ಸುಪ್ರೀಂ ಕೋರ್ಟು ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂದಿತು. ಮನಸ್ಸಾಕ್ಷಿಗೆ ಜಾಗ ಬಿಟ್ಟರೆ ದೇಶ ಸಣ್ಣದಾಗುವುದಿಲ್ಲ ಅನ್ನುವುದು ಆ ತೀರ್ಪಿನ ತಿರುಳು. ಅದು ಶಾಲೆಗೆ ಬರಬೇಕು ಅಂತಿದ್ದ ಮಕ್ಕಳ ಕಥೆ, ಇಲ್ಲಿರುವುದು ಬರುವುದಿಲ್ಲ ಅನ್ನುವವರ ಕಥೆ. ಆದರೂ ನಂಬಿಕೆಯ ಮುಂದೆ ಸರ್ಕಾರ ಹೇಗೆ ನಿಲ್ಲಬೇಕು ಅನ್ನುವ ಪ್ರಶ್ನೆ ಎರಡರಲ್ಲೂ ಒಂದೇ.

ಭಾರತ ಎಲ್ಲವನ್ನೂ ಸರಿಯಾಗಿ ಮಾಡಿದೆ ಅಂತ ನಾನು ಹೇಳುತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅನ್ನುತ್ತದೆ. ಮನೆಯಲ್ಲಿ ಕಲಿಸುವವರ ಬಗ್ಗೆ ಅದರಲ್ಲಿ ಸ್ಪಷ್ಟ ಮಾತಿಲ್ಲ. ಬೆಂಗಳೂರಿನಲ್ಲಿ ನನ್ನ ಗೆಳತಿ ಮಗನನ್ನು ಮನೆಯಲ್ಲೇ ಓದಿಸಿ, ರಾಷ್ಟ್ರೀಯ ಮುಕ್ತ ಶಾಲೆಯಿಂದ ಹತ್ತನೇ ತರಗತಿ ಪರೀಕ್ಷೆ ಕಟ್ಟಿಸಿದಳು. ಯಾರೂ ದಂಡ ಹಾಕಲಿಲ್ಲ. ಅದೇ ಬೆಂಗಳೂರಿನಲ್ಲಿ ಬಡತನದಿಂದ ಶಾಲೆ ಬಿಟ್ಟ ಮಗುವನ್ನು ಹುಡುಕಿಕೊಂಡು ಯಾರೂ ಬರದೆ ಇರುವುದೂ ಉಂಟು. ನಿಮ್ಮಲ್ಲಿ ಒಂದು ಮಗು ತಪ್ಪಿಸಿಕೊಂಡರೂ ಗೊತ್ತಾಗುತ್ತದೆ. ಆ ಕಾಳಜಿ ನಮಗೆ ಬೇಕಾಗಿದೆ. ಅದು ಪೊಲೀಸ್ ಕಾರಿನಲ್ಲಿ ಬರುವುದು ಮಾತ್ರ ಬೇಡ.

ಈಗ ನನ್ನ ಬೇಡಿಕೆ.

ಗಡಿಯಾಚೆಗೆ ಒಮ್ಮೆ ನೋಡಿ. ಆಸ್ಟ್ರಿಯದಲ್ಲಿ ಕಡ್ಡಾಯ ಇರುವುದು ಕಲಿಕೆ, ಶಾಲೆಯ ಕಟ್ಟಡ ಅಲ್ಲ. ಮನೆಯಲ್ಲಿ ಕಲಿಸುತ್ತೇವೆ ಅಂತ ತಂದೆತಾಯಿ ಮೊದಲೇ ಶಿಕ್ಷಣ ಕಚೇರಿಗೆ ತಿಳಿಸಬೇಕು. ವರ್ಷದ ಕೊನೆಗೆ ಮಗು ಪರೀಕ್ಷೆ ಕೊಡಬೇಕು. ಪಾಸಾಗದಿದ್ದರೆ ಶಾಲೆಗೆ ಹೋಗಬೇಕು. ಈಚೆಗೆ ವರ್ಷದ ನಡುವೆ ಮಗುವಿನ ಜೊತೆ ಕೂತು ಮಾತಾಡುವ ನಿಯಮವನ್ನೂ ಸೇರಿಸಿದ್ದಾರೆ. ನಮ್ಮ ಪಕ್ಕದ ಮನೆಯ ಹುಡುಗಿ ಅಲ್ಲಿ ಪ್ರತಿ ವರ್ಷ ಪರೀಕ್ಷೆ ಪಾಸಾದಳು. ಕಾಗದ ಬರೆದು ತಿಳಿಸಿದ್ದಳು. ಅದೇ ಹುಡುಗಿ, ಅದೇ ತಾಯಿ, ಅದೇ ಪುಸ್ತಕ. ಗಡಿಯ ಈಚೆ ಅಪರಾಧ, ಆಚೆ ಅಲ್ಲ.

ಇದಕ್ಕೆ ದೊಡ್ಡ ತಿದ್ದುಪಡಿ ಆಗುವವರೆಗೆ ಕಾಯಬೇಕಾಗಿಯೂ ಇಲ್ಲ. ನಮ್ಮ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದ ಶಾಲಾ ಕಾನೂನಿನ 76ನೇ ವಿಧಿ, ವಿಶೇಷ ಸಂದರ್ಭದಲ್ಲಿ ಪ್ರಾಥಮಿಕ ಶಾಲೆಯ ಬದಲು ಬೇರೆ ರೀತಿಯ ಪಾಠಕ್ಕೆ ಒಪ್ಪಿಗೆ ಕೊಡಬಹುದು ಅಂತಲೇ ಹೇಳುತ್ತದೆ. ಬಾಗಿಲು ಇದೆ, ಬೀಗ ಹಾಕಿಟ್ಟಿದ್ದೀರಿ. ಆಳವಾದ ಧಾರ್ಮಿಕ ನಂಬಿಕೆಯನ್ನೂ ವಿಶೇಷ ಸಂದರ್ಭ ಅಂತ ನೋಡಲು ಅಧಿಕಾರಿಗಳಿಗೆ ಸೂಚನೆ ಕೊಡಿ. ಜೊತೆಗೆ ಕಠಿಣ ಷರತ್ತು ಹಾಕಿ. ವರ್ಷಕ್ಕೆ ಪರೀಕ್ಷೆ ಇರಲಿ, ಮಕ್ಕಳ ಇಲಾಖೆಯವರು ಮನೆಗೆ ಬಂದು ಹೋಗಲಿ, ತಂದೆತಾಯಿ ಇಲ್ಲದ ಕಡೆ ಮಗುವಿನ ಜೊತೆ ಮಾತಾಡಲಿ. ನನಗೆ ಶಾಲೆಗೆ ಹೋಗಬೇಕು ಅಂತ ಮಗುವೇ ಹೇಳಿದರೆ ಆ ಮಾತೇ ಕೊನೆಯ ಮಾತಾಗಲಿ. ಇದರಲ್ಲಿ ನಾನು ಗಟ್ಟಿ. ತಂದೆತಾಯಿಯ ನಂಬಿಕೆ ದೊಡ್ಡದು, ಮಗುವಿನ ದನಿಗಿಂತ ದೊಡ್ಡದಲ್ಲ.

ಶಾಲೆಗೆ ಕಳಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ, ಬೇರೆ ಯಾವ ಹಾನಿಯೂ ಕಾಣದಿದ್ದಾಗ, ಮಗುವನ್ನು ಮನೆಯಿಂದ ಎತ್ತಿಕೊಂಡು ಹೋಗುವುದನ್ನು ನಿಲ್ಲಿಸಿ. ಹೊಡೆತ, ಹಸಿವು, ಹಿಂಸೆ ಕಂಡರೆ ಒಂದು ಗಳಿಗೆಯೂ ತಡ ಮಾಡಬೇಡಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಅಂತಷ್ಟೇ ಕೇಳುವುದು.

ಮನೆಯಲ್ಲಿ ಕಲಿಯುವುದು ಆಗದ ಮಾತು ಅಂತ ದಯವಿಟ್ಟು ಹೇಳಬೇಡಿ. 2020ರ ಮಾರ್ಚ್ 17ರಂದು ನಮ್ಮ ರಾಜ್ಯದ ಶಾಲೆಗಳನ್ನು ಕೊರೊನಾ ಕಾರಣಕ್ಕೆ ಮುಚ್ಚಿದಿರಿ. ಮಗಳು ಮೂರನೇ ಕ್ಲಾಸ್. ಅದೇ ಅಡುಗೆಮನೆ ಮೇಜಿನಲ್ಲಿ ಕೂರಿಸಿ, ನನಗೆ ಬರುವ ಅರೆಬರೆ ಜರ್ಮನ್‌ನಲ್ಲಿ ನಾನೇ ಪಾಠ ಮಾಡಿದೆ. ಕಷ್ಟವಾಯಿತು. ನನಗಂತೂ ಶಾಲೆ ಮತ್ತೆ ತೆರೆದ ದಿನ ಹಬ್ಬ. ಆದರೆ ಯಾರೂ ನನ್ನನ್ನು ಅಪರಾಧಿ ಅನ್ನಲಿಲ್ಲ. ಒಂಬತ್ತು ತಿಂಗಳ ಹಿಂದೆ ದೇಶ ಬಿಟ್ಟಿದ್ದ ಆ ತಾಯಿ ನೆನಪಾದರು. ನನಗಿಂತ ಎಷ್ಟೋ ಚೆನ್ನಾಗಿ ಅವರು ಆ ಕೆಲಸ ಮಾಡುತ್ತಿದ್ದರು.

ಕೊನೆಯದಾಗಿ ಒಂದು ಸಣ್ಣ ಬೇಡಿಕೆ, ನಮ್ಮಂಥವರ ಪರವಾಗಿ. ಹೊರಗಿನಿಂದ ಬಂದವರು ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸುವಾಗ ಈ ಕಾನೂನನ್ನು ಸರಳ ಭಾಷೆಯಲ್ಲಿ ಹೇಳುವ ಒಂದು ಹಾಳೆ ಕೊಡಿ. ರಜೆಗೆ ಒಂದು ವಾರ ಮೊದಲೇ ಊರಿಗೆ ಹೊರಟರೂ ದಂಡ ಬೀಳಬಹುದು ಅಂತ ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಇಲ್ಲಿಗೆ ಬರುವ ಕನ್ನಡದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಟಿಕೆಟ್ ತೆಗೆಯುವ ಮೊದಲು ಶಾಲೆಯ ರಜೆ ಪಟ್ಟಿ ನೋಡಿಕೊಳ್ಳಿ. ಈ ಕಾನೂನು ಇಷ್ಟವಿಲ್ಲದಿದ್ದರೂ ಮಗುವನ್ನು ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಮೊದಲು ಬರೆದು ಒಪ್ಪಿಗೆ ಕೇಳಿ.

ಮಾನ್ಯರೇ, ನೀವು ಕರೆದರೆ ನಾನು ಸ್ಟುಟ್‌ಗಾರ್ಟಿಗಾಗಲಿ ಬರ್ಲಿನ್ನಿಗಾಗಲಿ ಬಂದು ಇದನ್ನೆಲ್ಲ ಎದುರಲ್ಲೇ ಹೇಳುತ್ತೇನೆ. ಆಸ್ಟ್ರಿಯಕ್ಕೆ ಹೋದ ಆ ಕುಟುಂಬಕ್ಕೂ ಈ ಪತ್ರದ ಪ್ರತಿ ಕಳಿಸಿದ್ದೇನೆ. ಜೊತೆಗೆ ಅವರ ನಕ್ಷತ್ರದ ಅಚ್ಚನ್ನೂ ಕಳಿಸೋಣ ಅಂದೆ. ಮಗಳು ಬೇಡ ಅಂದಳು. ಅವರೇ ಬಂದು ತೆಗೆದುಕೊಂಡು ಹೋಗಲಿ ಅಂತ ಅವಳ ಆಸೆ. ಅವರು ಹೆದರದೆ ಬರುವ ಹಾಗೆ ಮಾಡುವುದು ನಿಮ್ಮ ಕೈಯಲ್ಲಿದೆ.

ಉತ್ತರದ ನಿರೀಕ್ಷೆಯಲ್ಲಿ,

ನಿಮ್ಮ ವಿಶ್ವಾಸಿ,
ಬಾಡೆನ್-ವ್ಯೂರ್ಟೆಂಬರ್ಗ್‌ನಲ್ಲಿರುವ ಒಬ್ಬ ಕನ್ನಡತಿ, ಒಬ್ಬ ತಾಯಿ